ತಿದ್ದಲು ಬರುವ ಪಾಠ ಬೇಕು

ಹತ್ತನೇ ತರಗತಿಯ ವಿಜ್ಞಾನದಲ್ಲಿ ‘ವಿದ್ಯುಚ್ಛಕ್ತಿ’ ಎಂಬ ಪಾಠವಿದೆ. ಓಮ್‌ನ ನಿಯಮ, ಸರಣಿ ಜೋಡಣೆ, ಸಮಾಂತರ ಜೋಡಣೆ ಎಲ್ಲ ಅದರಲ್ಲೇ ಬರುತ್ತವೆ. ಸರಿಯಾಗಿ ಕೆಲಸ ಮಾಡುವ ಅಮ್ಮೀಟರ್ ಒಂದೂ ಇಲ್ಲದ ಶಾಲೆಯಲ್ಲಿ ಈ ಪಾಠ ಕಪ್ಪುಹಲಗೆಯ ಮೇಲಿನ ಗೆರೆಗಳಲ್ಲೇ ಮುಗಿದುಹೋಗುತ್ತದೆ. ಅದೇ ಶಾಲೆಯಲ್ಲಿ ಹಳೆಯದೊಂದು ಲ್ಯಾಪ್‌ಟಾಪ್ ಇದ್ದರೆ, ಫೆಟ್ ಎಂಬ ಸಂಗ್ರಹದಿಂದ ವಿದ್ಯುನ್ಮಂಡಲದ ಸಿಮ್ಯುಲೇಷನ್ ಒಂದನ್ನು ಇಳಿಸಿಕೊಂಡು ಮಕ್ಕಳ ಮುಂದಿಡಬಹುದು. ಪರದೆಯ ಒಂದು ಪಕ್ಕದಲ್ಲಿ ಬ್ಯಾಟರಿ, ತಂತಿ, ಬಲ್ಬು, ಸ್ವಿಚ್ಚುಗಳಿರುತ್ತವೆ. ಒಂದೊಂದನ್ನೇ ಎಳೆದು ತಂದು ಜೋಡಿಸಬೇಕು. ಮಂಡಲ ಪೂರ್ತಿಯಾದ ಕೂಡಲೇ ತಂತಿಯೊಳಗೆ ಎಲೆಕ್ಟ್ರಾನುಗಳು ನೀಲಿ ಚುಕ್ಕೆಗಳಾಗಿ ಸಾಗತೊಡಗುತ್ತವೆ, ಬಲ್ಬು ಹೊತ್ತಿಕೊಳ್ಳುತ್ತದೆ. ರೋಧ ಹೆಚ್ಚಿಸಿದರೆ ಚುಕ್ಕೆಗಳ ಓಟ ನಿಧಾನವಾಗುತ್ತದೆ, ಬೆಳಕು ಮಂಕಾಗುತ್ತದೆ. ನಡುವೆ ಬಲ್ಬಿಲ್ಲದೆ ಬ್ಯಾಟರಿಯ ಎರಡೂ ತುದಿಗೆ ನೇರ ತಂತಿ ಸಿಕ್ಕಿಸಿದರೆ ಬ್ಯಾಟರಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ಶಾರ್ಟ್ ಸರ್ಕ್ಯೂಟ್ ಎಂದರೇನು, ಮನೆಯಲ್ಲಿ ಫ್ಯೂಸ್ ಯಾಕೆ ಬೇಕು ಎಂದು ಆಮೇಲೆ ಹೆಚ್ಚು ವಿವರಿಸುವ ಅಗತ್ಯ ಬೀಳುವುದಿಲ್ಲ.

ಈ ಸಂಗ್ರಹವನ್ನು ಆರಂಭಿಸಿದವರು ಅಮೆರಿಕದ ಭೌತವಿಜ್ಞಾನಿ ಕಾರ್ಲ್ ವೀಮನ್. 2001ರಲ್ಲಿ ನೊಬೆಲ್ ಬಂದಾಗ ಆ ಬಹುಮಾನದ ಹಣದಲ್ಲಿ ಒಂದು ಪಾಲನ್ನು ಅವರು ಇದಕ್ಕೇ ತೊಡಗಿಸಿದರು. 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಕೆಲಸ ಶುರುವಾಯಿತು. ಇಂದು ಅದು ನೂರಕ್ಕೂ ಹೆಚ್ಚು ಭಾಷೆಗಳಲ್ಲಿ ಸಿಗುತ್ತದೆ, ಅವುಗಳಲ್ಲಿ ಕನ್ನಡವೂ ಒಂದು. ಯಾವುದೇ ಸರ್ಕಾರ ಒಪ್ಪಂದ ಮಾಡಿಕೊಳ್ಳುವವರೆಗೆ ಕಾಯದೆ ಶಿಕ್ಷಕರೂ ಆಸಕ್ತರೂ ಕೂತು ಅನುವಾದ ಮಾಡಲು ಅಲ್ಲಿ ಅವಕಾಶವಿದೆ.

ಇದರ ಕಥೆಯಲ್ಲಿ ನಾವೆಲ್ಲ ಗಮನಿಸಬೇಕಾದ ಒಂದು ಘಟ್ಟವಿದೆ. ಆರಂಭದ ಸಿಮ್ಯುಲೇಷನ್‌ಗಳಲ್ಲಿ ಬಹಳಷ್ಟು ಜಾವಾ ಮತ್ತು ಫ್ಲ್ಯಾಶ್ ತಂತ್ರಾಂಶಗಳಲ್ಲಿ ತಯಾರಾಗಿದ್ದವು. ಆ ಕಾಲದಲ್ಲಿ ಪ್ರಪಂಚದ ಶೈಕ್ಷಣಿಕ ಅನಿಮೇಷನ್‌ಗಳೆಲ್ಲ ಹೆಚ್ಚುಕಡಿಮೆ ಫ್ಲ್ಯಾಶ್‌ನಲ್ಲೇ ಇರುತ್ತಿದ್ದವು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಕಂಪನಿ ಫ್ಲ್ಯಾಶ್‌ಗೆ ಕೊಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ಶಾಲೆಗಳು ಕಾಸು ಕೊಟ್ಟು ಕೊಂಡಿದ್ದ ಎಷ್ಟೋ ಪಾಠಗಳು ಬ್ರೌಸರಿನಲ್ಲಿ ತೆರೆಯುವುದೇ ನಿಂತುಹೋಯಿತು. ಮಾಡಿದವರು ಮುಂದೆ ಬಂದು ಸರಿಪಡಿಸದ ಹೊರತು ಕೊಂಡವರು ಏನೂ ಮಾಡುವಂತಿರಲಿಲ್ಲ, ಏಕೆಂದರೆ ಒಳಗಿನ ಸೋರ್ಸ್ ಕೋಡ್ ಅವರ ಕೈಯಲ್ಲಿರಲಿಲ್ಲ. ಫೆಟ್ ತಂಡ ಅದಕ್ಕೂ ಮೊದಲೇ ತನ್ನ ಪಾಠಗಳನ್ನು ಒಂದೊಂದಾಗಿ ಎಚ್‌ಟಿಎಂಎಲ್5ಕ್ಕೆ ಬದಲಾಯಿಸತೊಡಗಿತ್ತು. ಅದರ ಕೋಡ್ ಎಲ್ಲರಿಗೂ ತೆರೆದೇ ಇದೆ. ನಾಳೆ ಆ ತಂಡವೇ ಇಲ್ಲವಾದರೂ ಬೇರೆ ಯಾರಾದರೂ ಅದನ್ನು ಕೈಗೆತ್ತಿಕೊಂಡು ಮುಂದುವರಿಸಬಹುದು.

ಶಿಕ್ಷಣದ ಭವಿಷ್ಯದ ಮಾತು ಬಂದಾಗಲೆಲ್ಲ ನಾವು ಟ್ಯಾಬ್ಲೆಟ್ ಎಷ್ಟು, ಸ್ಮಾರ್ಟ್ ಬೋರ್ಡ್ ಎಷ್ಟು ಎಂದು ಲೆಕ್ಕ ಹಾಕುತ್ತೇವೆ. ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಆ ಪರದೆಯ ಮೇಲೆ ಬರುವ ಪಾಠವನ್ನು ತೆರೆಯುವ, ತಿದ್ದುವ, ನಕಲು ಮಾಡಿ ಪಕ್ಕದ ಶಾಲೆಗೆ ಕೊಡುವ ಅಧಿಕಾರ ಮೇಷ್ಟ್ರಿಗೆ ಇದೆಯೇ? ಕನ್ನಡದಲ್ಲಿ ಓದುವ ಮಕ್ಕಳ ಮಟ್ಟಿಗೆ ಮುಂದಿನ ದಿನಗಳು ಈ ಒಂದು ಪ್ರಶ್ನೆಯ ಮೇಲೆ ನಿಂತಿವೆ ಎಂಬುದು ನನ್ನ ಗಟ್ಟಿ ನಂಬಿಕೆ.

ಶಿಕ್ಷಣ ಮುಕ್ತವಾಗಿದ್ದು ಹಂತ ಹಂತವಾಗಿ. ಮೊದಲು ತೆರೆದದ್ದು ಪ್ರವೇಶದ ಬಾಗಿಲು. ಬ್ರಿಟನ್ನಿನಲ್ಲಿ ಮುಕ್ತ ವಿಶ್ವವಿದ್ಯಾಲಯ ಸ್ಥಾಪನೆಯಾದ 1969ರಲ್ಲೇ ಮೈಸೂರು ವಿಶ್ವವಿದ್ಯಾಲಯವೂ ಅಂಚೆ ಮೂಲಕ ಶಿಕ್ಷಣ ಕೊಡಲು ಶುರುಮಾಡಿತು. ಕೆಲಸದಲ್ಲಿದ್ದವರು, ಮದುವೆಯಾಗಿ ಓದು ಬಿಟ್ಟ ಹೆಣ್ಣುಮಕ್ಕಳು, ಹಳ್ಳಿಯಲ್ಲೇ ಉಳಿದವರು ಪದವೀಧರರಾಗಲು ಅದು ದಾರಿ ಮಾಡಿಕೊಟ್ಟಿತು. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು.

ಎರಡನೆಯದು ಪಾಠ ನೋಡುವ ಅವಕಾಶ. ಅಮೆರಿಕದ ಎಂಐಟಿ ತನ್ನ ತರಗತಿಗಳ ಸಾಮಗ್ರಿಯನ್ನು ಯಾರು ಬೇಕಾದರೂ ಅಂತರಜಾಲದಲ್ಲಿ ನೋಡಬಹುದು ಎಂದು 2001ರ ಏಪ್ರಿಲ್‌ನಲ್ಲಿ ಘೋಷಿಸಿತು. ಅಂತರಜಾಲದ ಪಾಠಗಳನ್ನು ಮಾರಿ ದುಡ್ಡು ಮಾಡುವುದು ಹೇಗೆಂದು ಹಲವು ವಿಶ್ವವಿದ್ಯಾಲಯಗಳು ಯೋಚಿಸುತ್ತಿದ್ದ ಕಾಲ ಅದು. ನಮ್ಮಲ್ಲಿ 2003ರಲ್ಲಿ ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎನ್‌ಪಿಟಿಇಎಲ್ ಎಂಬ ಅಂತರಜಾಲ ಪಾಠಗಳ ಯೋಜನೆ ಆರಂಭಿಸಿದವು. ಐಐಟಿಯ ಪ್ರವೇಶ ಪರೀಕ್ಷೆ ಬರೆಯದ ಸಣ್ಣ ಊರಿನ ಎಂಜಿನಿಯರಿಂಗ್ ವಿದ್ಯಾರ್ಥಿಯೂ ಅಲ್ಲಿನ ಪ್ರಾಧ್ಯಾಪಕರ ಪಾಠ ಕೇಳುವಂತಾಯಿತು. ಅವುಗಳಲ್ಲಿ ಕೆಲವು ಈಗ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಬಂದಿವೆ.

ಮೂರನೆಯದು ತಿದ್ದುವ ಹಕ್ಕು. ಮೊದಲೆರಡಕ್ಕೆ ಸಿಕ್ಕಷ್ಟು ಪ್ರಚಾರ ಇದಕ್ಕೆ ಸಿಕ್ಕಿಲ್ಲ, ನಮಗೆ ಹೆಚ್ಚು ಬೇಕಾಗಿರುವುದು ಮಾತ್ರ ಇದೇ. ಭಾರತದ ಕಾನೂನಿನ ಪ್ರಕಾರ ಬರೆದದ್ದೆಲ್ಲಕ್ಕೂ ತಾನಾಗಿಯೇ ಹಕ್ಕುಸ್ವಾಮ್ಯ ಬರುತ್ತದೆ, ಲೇಖಕರ ಆಯುಷ್ಯ ಮುಗಿದ ಮೇಲೂ 60 ವರ್ಷ ಇರುತ್ತದೆ. ‘ಹಂಚಿಕೊಳ್ಳಿ’ ಎಂದು ಬರೆದವರೇ ಬಾಯಲ್ಲಿ ಹೇಳಿದರೂ ಅದಕ್ಕೊಂದು ಲಿಖಿತ ಆಧಾರ ಬೇಕು. ಆ ಆಧಾರವನ್ನು ಸರಳ ಮಾಡಿಕೊಟ್ಟದ್ದು 2002ರ ಡಿಸೆಂಬರ್‌ನಲ್ಲಿ ಬಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು. ‘ನನ್ನ ಹೆಸರು ಹೇಳಿ, ಆಮೇಲೆ ನಕಲು ಮಾಡಿ, ಅನುವಾದಿಸಿ, ಬದಲಾಯಿಸಿ, ಹಂಚಿ’ ಎಂದು ಕರ್ತೃವೇ ಮುಂಚಿತವಾಗಿ ಅನುಮತಿ ಕೊಟ್ಟುಬಿಡುವ ವ್ಯವಸ್ಥೆ ಇದು. ಅದೇ ವರ್ಷ ಯುನೆಸ್ಕೊ ಸಭೆಯೊಂದು ಇಂಥ ಸಾಮಗ್ರಿಗೆ ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂದು ಹೆಸರಿಟ್ಟಿತು. 2019ರ ನವೆಂಬರ್‌ನಲ್ಲಿ ಯುನೆಸ್ಕೊ ಮಹಾಧಿವೇಶನ, ಎಲ್ಲ ದೇಶಗಳೂ ಇದನ್ನು ಬೆಳೆಸಬೇಕು ಎಂಬ ಶಿಫಾರಸನ್ನೇ ಅಂಗೀಕರಿಸಿತು.

ಹಣ ಕೊಡದೆ ಸಿಗುವುದಕ್ಕೂ ಈ ಹಕ್ಕಿಗೂ ದೊಡ್ಡ ಅಂತರವಿದೆ. ಎನ್‌ಸಿಇಆರ್‌ಟಿಯ ಪಠ್ಯಪುಸ್ತಕಗಳನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ಆದರೆ ಅವುಗಳ ಒಳಪುಟದಲ್ಲಿ, ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿದೆ, ಪೂರ್ವಾನುಮತಿ ಇಲ್ಲದೆ ಯಾವ ಭಾಗವನ್ನೂ ಮರುಮುದ್ರಿಸುವಂತಿಲ್ಲ ಎಂಬ ಸೂಚನೆ ಇದೆ. ನಮ್ಮ ರಾಜ್ಯದ ಪ್ರೌಢಶಾಲೆಗಳ ಗಣಿತ, ವಿಜ್ಞಾನ ಪಠ್ಯಗಳು ಆಧರಿಸಿರುವುದು ಇದೇ ಪುಸ್ತಕಗಳನ್ನು. ರಾಯಚೂರಿನ ಶಿಕ್ಷಕಿಯೊಬ್ಬರು ಶೇಕಡಾವಾರು ಲೆಕ್ಕವನ್ನು ಎಪಿಎಂಸಿಯಲ್ಲಿ ತೊಗರಿಗೆ ಬಂದ ಧಾರಣೆ ಇಟ್ಟುಕೊಂಡು ಬರೆಯಬೇಕೆಂದಿದ್ದರೆ, ಶಿರಸಿಯ ಶಿಕ್ಷಕರೊಬ್ಬರು ಅದನ್ನೇ ಚಾಲಿ ಅಡಿಕೆಗೆ ಬದಲಾಯಿಸಬೇಕೆಂದಿದ್ದರೆ, ತರಗತಿಯೊಳಗೆ ಬಾಯಲ್ಲಿ ಹೇಳಬಹುದು. ಪುಸ್ತಕದ ಪುಟವನ್ನೇ ತಿದ್ದಿ ಜಿಲ್ಲೆಯ ಉಳಿದ ಶಿಕ್ಷಕರಿಗೆಲ್ಲ ಅಧಿಕೃತವಾಗಿ ಹಂಚುವ ದಾರಿ ಅವರಿಗಿಲ್ಲ. ರೈತ ನಾಟಿ ಬೀಜವನ್ನು ತನ್ನ ಮಣ್ಣಿಗೆ ಒಗ್ಗಿಸಿ, ಆರಿಸಿ, ಮುಂದಿನ ವರ್ಷಕ್ಕೆ ಎತ್ತಿಟ್ಟು, ನೆರೆಯವರಿಗೂ ಕೊಡುತ್ತಾನಲ್ಲ, ಪಾಠಕ್ಕೂ ಆ ಸ್ವಾತಂತ್ರ್ಯ ಬೇಕು.

ಕನ್ನಡಕ್ಕೆ ಇದರ ಅಗತ್ಯ ಇನ್ನೂ ಒಂದು ಕಾರಣಕ್ಕಿದೆ. ಕಾಸರಗೋಡು, ಮಂಜೇಶ್ವರದ ಕನ್ನಡ ಮಾಧ್ಯಮದ ಮಕ್ಕಳು ಕೇರಳ ಸರ್ಕಾರ ಮಾಡಿಸಿದ ಕನ್ನಡ ಪುಸ್ತಕ ಓದುತ್ತಾರೆ. ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಗಳ ಮಕ್ಕಳು ಮಹಾರಾಷ್ಟ್ರದ ಬಾಲಭಾರತಿ ಮುದ್ರಿಸಿದ ಕನ್ನಡ ಪುಸ್ತಕ ಓದುತ್ತಾರೆ. ದ್ಯುತಿಸಂಶ್ಲೇಷಣೆ ಗಡಿಯ ಈಚೆ ಆಚೆ ಬೇರೆಬೇರೆಯಾಗಿ ನಡೆಯುವುದಿಲ್ಲ. ಆದರೂ ಮೂರು ಸರ್ಕಾರಗಳು ಒಂದೇ ಭಾಷೆಯಲ್ಲಿ ಒಂದೇ ವಿಷಯವನ್ನು ಮೂರು ಸಲ ಬರೆಸುತ್ತವೆ. ಮೂರೂ ಕಡೆಯ ಪಾಠಗಳು ಮುಕ್ತ ಪರವಾನಗಿಯಲ್ಲಿದ್ದರೆ, ಕಾಸರಗೋಡಿನ ಮೇಷ್ಟ್ರು ಬರೆದ ಒಳ್ಳೆಯ ಚಟುವಟಿಕೆ ಧಾರವಾಡಕ್ಕೂ, ಧಾರವಾಡದ್ದು ಜತ್ತಕ್ಕೂ ಯಾರ ಅಪ್ಪಣೆಗೂ ಕಾಯದೆ ಹೋಗಬಹುದು. ಓದುಗರು ಕಡಿಮೆ ಇರುವ ಕಡೆ ದುಡಿಮೆ ಹಂಚಿಕೊಳ್ಳದೆ ಗತಿಯಿಲ್ಲ.

ಇದೆಲ್ಲ ಆಗಹೋಗದ ಮಾತು ಎನ್ನುವವರಿಗೆ ನಮ್ಮಲ್ಲೇ ಉದಾಹರಣೆಗಳಿವೆ. 2013ರ ಹೊತ್ತಿಗೆ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಯೋಜನೆ ಶುರುಮಾಡಿದವು. ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜವಿಜ್ಞಾನ ಶಿಕ್ಷಕರು ವಿಷಯ ಶಿಕ್ಷಕರ ವೇದಿಕೆಗಳಲ್ಲಿ ಸೇರಿ, ಉಬುಂಟು ಹಾಕಿದ ಕಂಪ್ಯೂಟರುಗಳಲ್ಲಿ ಜಿಯೋಜಿಬ್ರಾ ಎಂಬ ಗಣಿತ ತಂತ್ರಾಂಶ ಕಲಿತು, ತಮ್ಮ ಪಾಠಗಳನ್ನು ತಾವೇ ಬರೆದು ವಿಕಿ ಪುಟಗಳಲ್ಲಿ ಸೇರಿಸಿದರು. ವೃತ್ತದ ಸ್ಪರ್ಶಕವನ್ನು ಪರದೆಯ ಮೇಲೆ ಎಳೆದಾಡಿ, ತ್ರಿಜ್ಯದೊಂದಿಗೆ ಅದು ಮಾಡುವ ಕೋನ 90 ಡಿಗ್ರಿ ಬಿಟ್ಟು ಕದಲುವುದಿಲ್ಲ ಎಂದು ತೋರಿಸುವ ಕಡತವನ್ನು ಶಿಕ್ಷಕರೇ ಮಾಡಿಕೊಳ್ಳಬಲ್ಲರು ಎಂಬುದನ್ನು ಆ ಕೆಲಸ ತೋರಿಸಿಕೊಟ್ಟಿತು. ತರಬೇತಿ ಎಂದರೆ ಮೇಲಿನಿಂದ ಬಂದದ್ದನ್ನು ಕೇಳಿ ಸಹಿ ಹಾಕಿ ಬರುವುದು ಎಂಬ ರೂಢಿಯಲ್ಲಿ ಇದು ಬಹಳ ದೊಡ್ಡ ಬದಲಾವಣೆ.

ಚಿಕ್ಕ ಮಕ್ಕಳ ಓದಿಗೆ ಪ್ರಥಮ್ ಬುಕ್ಸ್ ಮಾಡಿದ ಕೆಲಸ ಇನ್ನೂ ವಿಸ್ತಾರವಾದದ್ದು. ಬೆಂಗಳೂರಿನ ಈ ಪ್ರಕಾಶನ ಸಂಸ್ಥೆ 2015ರ ಸೆಪ್ಟೆಂಬರ್ 8ರಂದು, ಸಾಕ್ಷರತಾ ದಿನದಂದೇ, ಸ್ಟೋರಿವೀವರ್ ಎಂಬ ತಾಣ ತೆರೆಯಿತು. ಅಲ್ಲಿನ ಕಥೆಗಳನ್ನು ಯಾರಾದರೂ ಓದಬಹುದು, ಅನುವಾದಿಸಬಹುದು, ಅಲ್ಲಿನ ಚಿತ್ರಗಳನ್ನೇ ಬಳಸಿ ಹೊಸ ಕಥೆ ಕಟ್ಟಬಹುದು, ಮುದ್ರಿಸಿ ಮಾರಲೂಬಹುದು. ಮೂಲ ಲೇಖಕರ, ಚಿತ್ರಕಾರರ ಹೆಸರು ಹಾಕಬೇಕು, ಅಷ್ಟೇ. ಹೀಗಾಗಿ ದೊಡ್ಡ ಪ್ರಕಾಶಕರು ಲಾಭವಿಲ್ಲವೆಂದು ಮುಟ್ಟದ ಸಣ್ಣ ಭಾಷೆಗಳಿಗೂ ಬಣ್ಣದ ಚಿತ್ರಪುಸ್ತಕಗಳು ಬಂದವು.

ಮತ್ತೊಂದು ಕೆಲಸ ಸದ್ದಿಲ್ಲದೆ ನಡೆಯುತ್ತಿದೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶ 14 ಸಂಪುಟಗಳ ಮಹಾಕಾರ್ಯ, ಹಲವು ದಶಕಗಳ ವಿದ್ವಾಂಸರ ಬೆವರು ಅದರಲ್ಲಿದೆ. 2014ರಲ್ಲಿ ವಿಶ್ವವಿದ್ಯಾಲಯ ಅದರ ಕೆಲವು ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಕನ್ನಡ ವಿಕಿಸೋರ್ಸ್‌ನಲ್ಲಿ ಇಂಥ ಪುಸ್ತಕದ ಪುಟವೊಂದನ್ನು ತೆರೆದರೆ ಒಂದು ಬದಿಗೆ ಸ್ಕ್ಯಾನ್ ಮಾಡಿದ ಮುದ್ರಿತ ಹಾಳೆ, ಇನ್ನೊಂದು ಬದಿಗೆ ಟೈಪಾದ ಅಕ್ಷರಗಳು ಕಾಣುತ್ತವೆ. ಯಂತ್ರ ಓದಿ ಬರೆದದ್ದರಲ್ಲಿ ಒತ್ತಕ್ಷರ ಬಿಟ್ಟುಹೋಗಿರುತ್ತದೆ, ‘ಪ’ ಮತ್ತು ‘ಷ’ ಅದಲುಬದಲಾಗಿರುತ್ತವೆ. ಕರಡು ತಿದ್ದದ ಪುಟಕ್ಕೆ ಕೆಂಪು ಗುರುತು. ಒಬ್ಬರು ಹಾಳೆ ನೋಡಿಕೊಂಡು ಅಕ್ಷರ ಅಕ್ಷರ ತಿದ್ದಿದ ಮೇಲೆ ಅದು ಹಳದಿಯಾಗುತ್ತದೆ. ಮತ್ತೊಬ್ಬರು ಇನ್ನೊಮ್ಮೆ ಪರಿಶೀಲಿಸಿದ ಮೇಲಷ್ಟೇ ಹಸಿರು. ತಿದ್ದಿದವರೇ ಹಸಿರು ಮಾಡುವಂತಿಲ್ಲ. ಯಾರು ಬೇಕಾದರೂ ತಿದ್ದಬಹುದಾದ ಕಡೆ ಗುಣಮಟ್ಟ ಹೇಗೆ ಉಳಿಯುತ್ತದೆ ಎಂದು ಕೇಳುವವರು ಈ ಮೂರು ಬಣ್ಣಗಳನ್ನು ನೋಡಬೇಕು.

ಪರವಾನಗಿಯೊಂದೇ ಇದ್ದರೆ ಸಾಲದು, ಕಡತದ ಸ್ವರೂಪವೂ ತೆರೆದಿರಬೇಕು. ಕನ್ನಡದಲ್ಲಿ ಈ ತೊಡಕು ಬಹಳ ಹಳೆಯದು. ಯೂನಿಕೋಡ್‌ಗಿಂತ ಹಿಂದಿನ ಫಾಂಟುಗಳಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿದ ಪುಟದಿಂದ ಒಂದು ಪ್ಯಾರಾ ನಕಲು ಮಾಡಿ ಬೇರೆ ಕಡೆ ಅಂಟಿಸಿ ನೋಡಿ. ಕನ್ನಡ ಬರುವುದಿಲ್ಲ, ಅರ್ಥವಿಲ್ಲದ ರೋಮನ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಆ ಪುಟದಲ್ಲಿ ಪದ ಹುಡುಕಲು ಆಗದು, ತಿದ್ದಲು ಆಗದು, ಯಂತ್ರದಿಂದ ಅನುವಾದಿಸಲು ಆಗದು. ಕಣ್ಣಿಗೆ ಕನ್ನಡದಂತೆ ಕಂಡರೂ ಕಂಪ್ಯೂಟರಿಗೆ ಅದು ಕನ್ನಡವಲ್ಲ.

ಇದರ ಪೆಟ್ಟು ಮೊದಲು ಬೀಳುವುದು ದೃಷ್ಟಿಯಿಲ್ಲದ ವಿದ್ಯಾರ್ಥಿಗಳ ಮೇಲೆ. ಆಸ್ಟ್ರೇಲಿಯಾದ ಇಬ್ಬರು ಅಂಧ ಗೆಳೆಯರು 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಎಂಬ ಮುಕ್ತ ತಂತ್ರಾಂಶ ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಅದರೊಂದಿಗೆ ಬರುವ ಇಸ್ಪೀಕ್ ಎಂಬ ಇನ್ನೊಂದು ಮುಕ್ತ ತಂತ್ರಾಂಶಕ್ಕೆ ಕನ್ನಡ ಓದಲು ಬರುತ್ತದೆ. ಅಂದರೆ ಸಲಕರಣೆ ಕೈಯಲ್ಲಿದೆ, ಕಾಸೂ ಬೇಕಿಲ್ಲ. ಯೂನಿಕೋಡ್‌ನಲ್ಲಿ ಪಾಠ ಕೊಟ್ಟರೆ ದೃಷ್ಟಿಯಿಲ್ಲದ ಹುಡುಗಿಯೂ ಯಾರನ್ನೂ ಅವಲಂಬಿಸದೆ ಓದಿಕೊಳ್ಳುತ್ತಾಳೆ. ಸ್ಕ್ಯಾನ್ ಮಾಡಿದ ಚಿತ್ರವನ್ನೋ ಹಳೆಯ ಫಾಂಟಿನ ಪಿಡಿಎಫನ್ನೋ ಕೊಟ್ಟರೆ ಓದಿ ಹೇಳುವವರಿಗಾಗಿ ಕಾಯಬೇಕು. ದೃಷ್ಟಿಯಿಲ್ಲದವರಿಗೆ ಪುಸ್ತಕ ಸುಲಭವಾಗಿ ಸಿಗಲೆಂದು ಆದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ. ಆ ಹೆಮ್ಮೆ ತರಗತಿಯವರೆಗೆ ಇಳಿದು ಬರಬೇಕಾದರೆ ಕಡತಗಳು ಸರಿಯಾಗಬೇಕು.

ಮುಕ್ತತೆಯ ಇನ್ನೊಂದು ಲಾಭವನ್ನು ಕೊರೊನಾ ಕಾಲ ಕಲಿಸಿತು. 2020ರಲ್ಲಿ ಶಾಲೆ ಮುಚ್ಚಿದಾಗ ಮಲೆನಾಡು, ಕರಾವಳಿಯ ಒಳಹಳ್ಳಿಗಳ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದರು. ಸರ್ಕಾರ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳನ್ನು ಹಾಕಿತು. ‘ವಿದ್ಯಾಗಮ’ದ ಹೆಸರಲ್ಲಿ ಶಿಕ್ಷಕರು ದೇವಸ್ಥಾನದ ಜಗಲಿ, ಅರಳಿಕಟ್ಟೆಗಳಲ್ಲಿ ವಠಾರ ಶಾಲೆ ನಡೆಸಿದರು. ಯಾವಾಗಲೂ ಇಂಟರ್‌ನೆಟ್ ಇದ್ದರೆ ಮಾತ್ರ ತೆರೆಯುವ, ಲಾಗಿನ್ ಕೇಳುವ ಪಾಠ ಅಂಥ ಜಾಗಕ್ಕೆ ಬಂದು ಮುಟ್ಟುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋಗಿ ಹತ್ತು ಫೋನುಗಳಿಗೆ ನಕಲು ಮಾಡಿ ಕೊಡಬಹುದಾದ ಪಾಠ ಮುಟ್ಟುತ್ತದೆ. ಕಿವಿಕ್ಸ್ ಎಂಬ ತಂತ್ರಾಂಶದಲ್ಲಿ ಇಡೀ ಕನ್ನಡ ವಿಕಿಪೀಡಿಯವನ್ನೇ ಇಂಟರ್‌ನೆಟ್ ಇಲ್ಲದ ಕಂಪ್ಯೂಟರಿನಲ್ಲಿ ಇಟ್ಟುಕೊಂಡು ಓದಬಹುದು. ನಕಲು ಮಾಡುವ ಹಕ್ಕು ಇರುವುದರಿಂದಲೇ ಇದು ಸಾಧ್ಯವಾಗಿದೆ.

ಪಾಠ ತೆರೆದಿದ್ದರೆ ಅದರ ಚರಿತ್ರೆಯೂ ತೆರೆದಿರುತ್ತದೆ. ನಮ್ಮ ರಾಜ್ಯದಲ್ಲಿ 2017ರಲ್ಲಿ, 2022ರಲ್ಲಿ, ಮತ್ತೆ 2023ರಲ್ಲಿ ಪಠ್ಯಪುಸ್ತಕಗಳು ಪರಿಷ್ಕರಣೆಗೊಂಡವು. ಒಂದೊಂದು ಸಲವೂ ಯಾವ ಸಾಲು ಹೋಯಿತು, ಯಾವುದು ಬಂತು ಎಂದು ಗದ್ದಲವಾಯಿತು. ನಿಜವಾಗಿ ಏನು ಬದಲಾಗಿದೆ ಎಂದು ತಿಳಿಯಲು ಹಳೆಯ ಪುಸ್ತಕ, ಹೊಸ ಪುಸ್ತಕ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಕೂರಬೇಕು. ವಿಕಿಪೀಡಿಯದ ಪ್ರತಿ ಪುಟಕ್ಕೂ ‘ಇತಿಹಾಸ’ ಎಂಬ ಗುಂಡಿಯಿದೆ. ಒತ್ತಿದರೆ ಯಾವ ಪದ ಯಾವ ದಿನ ಯಾವ ಖಾತೆಯಿಂದ ಬದಲಾಯಿತು ಎಂದು ಬಣ್ಣ ಹಚ್ಚಿ ತೋರಿಸುತ್ತದೆ. ಪಠ್ಯಪುಸ್ತಕಗಳನ್ನೂ ಇದೇ ರೀತಿ ಇಟ್ಟರೆ ಯಾವ ಪಕ್ಷದ ಸರ್ಕಾರ ಬಂದರೂ ಪ್ರತಿ ತಿದ್ದುಪಡಿ ಪೋಷಕರ ಕಣ್ಣಮುಂದೆಯೇ ಆಗುತ್ತದೆ. ಊಹಾಪೋಹಕ್ಕೆ ಜಾಗ ಕಡಿಮೆಯಾಗುತ್ತದೆ, ಚರ್ಚೆಗೆ ಆಧಾರ ಸಿಗುತ್ತದೆ.

ಹಾಗಾದರೆ ಬರೆದವರ ಹೊಟ್ಟೆಪಾಡೇನು ಎಂಬ ಪ್ರಶ್ನೆ ನ್ಯಾಯವಾದದ್ದು. ಕನ್ನಡದಲ್ಲಿ ಬರೆದು ಬದುಕುವವರು ಬೆರಳೆಣಿಕೆಯಷ್ಟು. ಲೇಖಕರು, ಚಿತ್ರ ಬರೆದವರು, ಅನುವಾದಕರು ತಮ್ಮ ದುಡಿಮೆಗೆ ಪೂರ್ತಿ ಸಂಭಾವನೆ ಪಡೆಯಬೇಕು. ಸರ್ಕಾರದ ಹಣದಲ್ಲಿ ಸಿದ್ಧವಾಗುವ ಪಾಠಕ್ಕೆ ಆ ಸಂಭಾವನೆಯನ್ನು ಮೊದಲೇ ಕೊಡಬಹುದು, ಕೊಡಲೇಬೇಕು. ಹಾಗೆ ಕೊಟ್ಟ ಮೇಲೆ ಬೀಗ ಹಾಕಿಡಲು ಕಾರಣವಿಲ್ಲ. ಖಾಸಗಿಯಾಗಿ ಬರೆದ ಕಾದಂಬರಿ, ಕವನಗಳ ವಿಚಾರ ಬೇರೆ, ಅದು ಬರೆದವರ ಇಷ್ಟಕ್ಕೆ ಬಿಟ್ಟದ್ದು. ಕಲಿಕೆಯ ಅಗತ್ಯವನ್ನು ನಮ್ಮ ನ್ಯಾಯಾಲಯವೂ ಎತ್ತಿಹಿಡಿದಿದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯೊಂದು ವಿದ್ಯಾರ್ಥಿಗಳಿಗೆ ಪುಸ್ತಕಗಳ ಅಧ್ಯಾಯಗಳನ್ನು ನಕಲು ಮಾಡಿ ಬೈಂಡ್ ಮಾಡಿಕೊಡುತ್ತಿದೆ ಎಂದು ಆಕ್ಸ್‌ಫರ್ಡ್, ಕೇಂಬ್ರಿಜ್ ಮತ್ತು ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನಗಳು 2012ರಲ್ಲಿ ದಾವೆ ಹೂಡಿದವು. ಪುಸ್ತಕ ಬರೆದ ವಿದ್ವಾಂಸರೇ ಹಲವರು ಆ ದಾವೆಯನ್ನು ವಿರೋಧಿಸಿದರು, ಅಮರ್ತ್ಯ ಸೇನ್ ಅವರೂ ಪತ್ರ ಬರೆದರು. 2016ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ದಾವೆಯನ್ನು ವಜಾ ಮಾಡಿತು. ಮುಂದಿನ ವರ್ಷ ಪ್ರಕಾಶಕರೇ ಮೊಕದ್ದಮೆ ಹಿಂತೆಗೆದುಕೊಂಡರು.

ಈಗ ಕೃತಕ ಬುದ್ಧಿಮತ್ತೆ ತರಗತಿಯ ಬಾಗಿಲಿಗೆ ಬಂದಿದೆ. ಅದು ಕನ್ನಡದಲ್ಲಿ ಎಷ್ಟು ಚೆನ್ನಾಗಿ ಉತ್ತರಿಸುತ್ತದೆ ಎಂಬುದು, ಅದಕ್ಕೆ ಓದಲು ಸಿಕ್ಕ ಕನ್ನಡ ಎಷ್ಟು ಎಂಬುದನ್ನೇ ಅವಲಂಬಿಸಿದೆ. ನಮ್ಮ ಪಠ್ಯ, ವಿಶ್ವಕೋಶ, ಪರಿಭಾಷೆಗಳು ಬೀಗದೊಳಗೆ ಉಳಿದರೆ ಯಂತ್ರ ಇಂಗ್ಲಿಷಿನ ಉತ್ತರಕ್ಕೆ ಕನ್ನಡದ ಅಂಗಿ ತೊಡಿಸಿ ಕೊಡುತ್ತದೆ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ ಭಾರತೀಯ ಭಾಷೆಗಳ ಅನುವಾದ ಮಾದರಿಗಳನ್ನೂ ದತ್ತಾಂಶವನ್ನೂ ಮುಕ್ತವಾಗಿ ಬಿಡುಗಡೆ ಮಾಡುತ್ತಿರುವುದು ಈ ಕಾರಣಕ್ಕೆ ಮುಖ್ಯ. ಯಂತ್ರದ ಉತ್ತರ ಸರಿಯೋ ತಪ್ಪೋ ಎಂದು ಮಗು ಕೇಳಿದಾಗ ಶಿಕ್ಷಕರು ಮೂಲವನ್ನು ತೆರೆದು ತೋರಿಸುವಂತಿರಬೇಕು. ಆ ಮೂಲ ಕನ್ನಡದಲ್ಲಿರಬೇಕು, ಎಲ್ಲರಿಗೂ ಸಿಗುವಂತಿರಬೇಕು.

ಸರ್ಕಾರ ಮಾಡಬೇಕಾದ ಕೆಲಸಕ್ಕೆ ದೊಡ್ಡ ಬಜೆಟ್ಟೇನೂ ಬೇಡ. ತೆರಿಗೆ ಹಣದಲ್ಲಿ ತಯಾರಾಗುವ ಪ್ರತಿ ಪಠ್ಯ, ವಿಡಿಯೊ, ಅಭ್ಯಾಸ ಹಾಳೆ, ತರಬೇತಿ ಕೈಪಿಡಿ ಮುಕ್ತ ಪರವಾನಗಿಯಲ್ಲಿ ಹೊರಬರಬೇಕು ಎಂದು ಒಂದು ಆದೇಶ ಹೊರಡಿಸಲಿ. ಪಿಡಿಎಫ್ ಜೊತೆಗೆ ಯೂನಿಕೋಡ್ ಪಠ್ಯವನ್ನೂ ಚಿತ್ರಗಳ ಮೂಲ ಕಡತಗಳನ್ನೂ ಕೊಡಲಿ. ಶಾಲೆಗೆ ಡಿಜಿಟಲ್ ಪಾಠ ಕೊಳ್ಳುವ ಟೆಂಡರಿನಲ್ಲಿ, ಗುತ್ತಿಗೆ ಮುಗಿದ ಮೇಲೂ ಪಾಠ ಶಾಲೆಯಲ್ಲೇ ಉಳಿಯಬೇಕು, ಇಂಟರ್‌ನೆಟ್ ಇಲ್ಲದೆಯೂ ನಡೆಯಬೇಕು ಎಂಬ ಷರತ್ತು ಇರಲಿ. ಪಾಠ ಬರೆಯುವ, ತಿದ್ದುವ ಶಿಕ್ಷಕರಿಗೆ ಆ ಕೆಲಸಕ್ಕೆಂದೇ ಸಮಯ ಕೊಟ್ಟು, ಅದನ್ನು ಸೇವಾನಿರತ ತರಬೇತಿಯ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕಗಳ ನಡುವೆ ಉಳಿದ ಸಮಯದಲ್ಲಿ ಇದನ್ನೂ ಮಾಡಿ ಎಂದರೆ ಆಗುವ ಕೆಲಸವಲ್ಲ.

ಓದುಗರ ಪಾಲಿಗೂ ಕೆಲಸವಿದೆ. ನಿವೃತ್ತ ಮೇಷ್ಟ್ರುಗಳು ವಿಕಿಸೋರ್ಸ್‌ನ ಕೆಂಪು ಪುಟಗಳನ್ನು ಹಳದಿ ಮಾಡಬಹುದು. ಬೆಂಗಳೂರಿನಲ್ಲೋ ಬಾಸ್ಟನ್ನಿನಲ್ಲೋ ಇರುವ ಕನ್ನಡದ ಎಂಜಿನಿಯರುಗಳು ಇನ್ನೂ ಕನ್ನಡಕ್ಕೆ ಬಾರದ ಸಿಮ್ಯುಲೇಷನ್‌ಗಳನ್ನು ಅನುವಾದಿಸಬಹುದು. ಊರಿನ ಎಸ್‌ಡಿಎಂಸಿ ಸದಸ್ಯರು ತಮ್ಮ ಶಾಲೆಗೆ ಬಂದ ಸ್ಮಾರ್ಟ್ ತರಗತಿಯ ಪಾಠವನ್ನು ನಕಲು ಮಾಡಲು, ತಿದ್ದಲು ಅನುಮತಿ ಇದೆಯೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳಬಹುದು. ಇಲ್ಲ ಎಂಬ ಉತ್ತರ ಬಂದರೆ ಬಿಇಒ ಕಚೇರಿಗೆ ಒಂದು ಅರ್ಜಿ ಕೊಡಬಹುದು. ನಮ್ಮ ತೆರಿಗೆಯಲ್ಲಿ, ನಮ್ಮ ಭಾಷೆಯಲ್ಲಿ, ನಮ್ಮ ಮಕ್ಕಳಿಗೆಂದು ಮಾಡಿಸಿದ ಪಾಠದ ಮೇಲೆ ನಮಗೂ ನಮ್ಮ ಶಿಕ್ಷಕರಿಗೂ ಪೂರ್ತಿ ಹಕ್ಕಿರಬೇಕೆಂದು ಕೇಳುವುದು ತೀರಾ ನ್ಯಾಯವಾದ ಬೇಡಿಕೆ. ಈ ಶೈಕ್ಷಣಿಕ ವರ್ಷದಲ್ಲೇ ಕೇಳೋಣ.